ಇದೆ, ಆದರೆ ಎಷ್ಟು?

ನಿಜವನ್ನೇ ಹೇಳಿ ಅನ್ಯಾಯ ಮಾಡಲು ಸಾಧ್ಯವೇ? ಸಾಧ್ಯ ಎಂದು ನನಗೆ ಮನದಟ್ಟು ಮಾಡಿದ್ದು ಒಂದು ಧೂಮಕೇತು. ಇತಿಹಾಸ ಪಾಠ ಹೇಳುವವಳಿಗೆ ಆಕಾಶದ ಗೊಡವೆ ಏಕೆ ಎನ್ನಬೇಡಿ; ಇದು ಇತಿಹಾಸದ ಕಥೆಯೇ.

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದವರು ಅದರ ಬೆಳಕನ್ನು ಬಿಡಿಸಿ ನೋಡಿ, ಸಯನೋಜನ್ ಎಂಬ ವಿಷಾನಿಲದ ಗುರುತು ಕಂಡರು. ಮೇ ತಿಂಗಳಲ್ಲಿ ಭೂಮಿ ಅದರ ಬಾಲದೊಳಗೆ ಹಾಯಲಿತ್ತು. ಇದರಿಂದ ಜೀವಕುಲವೇ ಅಳಿದೀತೆಂದು ಫ್ರಾನ್ಸಿನ ಖಗೋಳಜ್ಞ ಫ್ಲಾಮಾರಿಯೋನ್ ಭಾವಿಸಿದ್ದಾರೆಂದು ಪತ್ರಿಕೆಯೊಂದು ಬರೆಯಿತು. ಬಾಲ ಬಹಳ ತೆಳುವು, ಭಯವಿಲ್ಲ ಎಂದು ಬೇರೆ ವಿಜ್ಞಾನಿಗಳು ಹೇಳಿದರೂ ಕೇಳುವವರಾರು? ಕೆಲವರು ಬಾಗಿಲಿನ ಬೀಗದ ತೂತನ್ನೂ ಮುಚ್ಚಿದರು. ‘ಧೂಮಕೇತು ಗುಳಿಗೆ’ಗಳು ಮಾರಾಟವಾದವು. ಬಾಲ ಹಾದುಹೋಯಿತು, ಲೋಕ ಎಂದಿನಂತೆಯೇ ಇತ್ತು.

ಹಾಗಾದರೆ ವಿಷವಿದ್ದದ್ದು ಸುಳ್ಳೇ? ಅಲ್ಲ. ಧೂಮಕೇತುವೆಂದರೆ ಧೂಳು ಬೆರೆತ ಮಂಜುಗಡ್ಡೆ. ಸೂರ್ಯನ ಸಮೀಪಕ್ಕೆ ಬಂದಂತೆ ಕಾದು, ಆವಿಯ ಮುಸುಕು ಹೊದೆಯುತ್ತದೆ. 1986ರಲ್ಲಿ ಜಿಯೊಟ್ಟೊ ನೌಕೆ ಹ್ಯಾಲಿಯ ಬಳಿಗೇ ಹೋಗಿ ಅಳೆಯಿತು. ಆ ಅನಿಲದಲ್ಲಿ ನೂರಕ್ಕೆ ಸುಮಾರು 80 ಪಾಲು, ನಮ್ಮ ಒಲೆಯ ಮೇಲೆ ಏಳುವಂಥದೇ ನೀರಾವಿ! ವಿಷವಾದ ಹೈಡ್ರೋಜನ್ ಸಯನೈಡ್, ಆ ನೀರಿನ ಸಾವಿರಕ್ಕೊಂದು ಪಾಲಿನ ಆಸುಪಾಸು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ಸಂಬಂಧ ವಿಚಾರಿಸಲು ಬಂದವರಿಗೆ ನೆರೆಯಾಕೆ ಅಷ್ಟನ್ನೇ ಹೇಳಿದರು. ಆಮೇಲೆ ಇಪ್ಪತ್ತು ವರ್ಷ ಅದು ಮತ್ತೆ ಬರಲಿಲ್ಲ, ಹುಡುಗಿ ಕೆಲಸ ಮಾಡಿಕೊಂಡು ತಮ್ಮನನ್ನು ಓದಿಸಿದಳು ಎಂಬುದು ಬಾಯಿಗೆ ಬರಲಿಲ್ಲ. ಸಂಬಂಧ ಮುರಿಯಿತು. “ಇದ್ದದ್ದನ್ನೇ ಹೇಳಿದೆನಲ್ಲ?” ಎಂದರು ಆಕೆ. ಹೌದು, ಒಂದಕ್ಷರ ಸುಳ್ಳಿಲ್ಲ. ಅದೇ ನನ್ನನ್ನು ಕಾಡುವುದು.

ಮುಚ್ಚಿಡಬೇಕಿತ್ತೇ? ಹಾಗೂ ನಾನು ಹೇಳಲಾರೆ. ಕಟ್ಟಿಕೊಳ್ಳುವವರಿಗೂ ತಿಳಿಯುವ ಹಕ್ಕಿದೆ. ಆದರೆ ‘ಇದೆ’ ಎಂದವರು ‘ಇಷ್ಟು’ ಎಂದೂ ಹೇಳಬೇಡವೇ? ಕೇಳುವವರಾದರೂ ‘ಎಷ್ಟು? ಜೊತೆಗೆ ಇನ್ನೇನಿದೆ?’ ಎಂದು ಕೇಳಬೇಡವೇ? ಅಳತೆ ಬಿಟ್ಟ ನಿಜ, ನಿಜದ ವೇಷದ ಚಾಡಿಯಾಗಿಬಿಡುತ್ತದೆ.

ಜೊತೆಗೆ ಏನೇನಿರುತ್ತದೋ ಯಾರು ಬಲ್ಲರು? 2014ರಿಂದ ಎರಡು ವರ್ಷ ರೊಸೆಟ್ಟಾ ನೌಕೆ ಇನ್ನೊಂದು ಧೂಮಕೇತುವಿನ ಜೊತೆಜೊತೆಗೇ ಸಾಗಿತು. ಅದರ ಮುಸುಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲವಿತ್ತು, ಅದೇ ಸಯನೈಡೂ ಇತ್ತು. ಜೀವಿಗಳ ಪ್ರೋಟೀನಿಗೆ ಬೇಕಾದ ಗ್ಲೈಸಿನ್ ಕೂಡ ಇತ್ತು. ವಿಷವನ್ನು ಕಂಡಷ್ಟಕ್ಕೇ ಕಿಟಕಿ ಮುಚ್ಚಿಕೊಂಡಿದ್ದರೆ ಅದು ಕಾಣುತ್ತಿರಲಿಲ್ಲ. ನೆರೆಮನೆಯ ಹುಡುಗಿಯ ವಿಷಯಕ್ಕೆ ನೌಕೆಯೇನೂ ಬೇಡ. ಇನ್ನೆರಡು ಮಾತು ಹೆಚ್ಚಿಗೆ ಆಡಿದರೆ ಸಾಕು.