ಅವತ್ತು ನಾನು ಬೇಡ ಅಂದ ಫ್ರೆಶರ್

ಕನ್ನಡ ಮೀಡಿಯಂನಲ್ಲಿ ಓದಿ, ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನನಗೆ ಕೋಡ್ ಅಂದ್ರೆ ಭಯ ಇರಲಿಲ್ಲ, ಇಮೇಲ್ ಅಂದ್ರೆ ಇತ್ತು. ಕ್ಲೈಂಟಿಗೆ ನಾಲ್ಕು ಸಾಲು ಬರೆಯೋಕೆ ಅರ್ಧ ಗಂಟೆ. ಪಕ್ಕದ ಸೀಟಿನ ಕಾನ್ವೆಂಟ್ ಹುಡುಗ ಅದನ್ನೇ ಕಾಫಿ ಕುಡೀತಾ ಮುಗಿಸ್ತಿದ್ದ. ಅಪ್ರೈಸಲ್‌ನಲ್ಲಿ ಈ ವ್ಯತ್ಯಾಸಕ್ಕೆ 'ಕಮ್ಯುನಿಕೇಶನ್ ಸ್ಕಿಲ್' ಅಂತ ಹೆಸರು. ಈಗ ಆ ಅಂತರವನ್ನು ಎಐ ಕೆಲವೇ ಸೆಕೆಂಡಿನಲ್ಲಿ ಮುಚ್ಚುತ್ತೆ. ಹಾಗಾಗಿ ಎಐ ಅಸಮಾನತೆ ಹೆಚ್ಚಿಸುತ್ತೆ ಅಂದವರ ಮಾತು ನನಗೆ ಹಿಡಿಸುತ್ತಿರಲಿಲ್ಲ.

ಇದಕ್ಕೆ ಲೆಕ್ಕದ ಬೆಂಬಲವೂ ಇದೆ. 2023ರಲ್ಲಿ ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಸಂಗಡಿಗರು 5,000ಕ್ಕೂ ಹೆಚ್ಚು ಕಸ್ಟಮರ್ ಸಪೋರ್ಟ್ ಉದ್ಯೋಗಿಗಳ ಕೆಲಸವನ್ನು ಅಧ್ಯಯನ ಮಾಡಿದರು. ಎಐ ನೆರವಿನಿಂದ ಉತ್ಪಾದಕತೆ ಸರಾಸರಿ ಶೇ. 14ರಷ್ಟು ಏರಿತ್ತು. ಹೊಸಬರು, ಕಡಿಮೆ ಕೌಶಲದವರಲ್ಲಿ ಮಾತ್ರ ಶೇ. 34. ನುರಿತವರಿಗೆ ಹೆಚ್ಚೇನೂ ಲಾಭವಾಗಲಿಲ್ಲ.

ಆದರೆ 2025ರಲ್ಲಿ ಅದೇ ಬ್ರಿನ್‌ಯೋಲ್ಫ್‌ಸನ್ ಇನ್ನಿಬ್ಬರ ಜೊತೆ ಸೇರಿ ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿದರು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿತ್ತು. ಕಾರಣ ಎಐ ಒಂದೇನಾ ಅನ್ನೋ ಚರ್ಚೆ ಇದೆ. ಎರಡನ್ನೂ ಒಟ್ಟಿಗಿಟ್ಟರೆ ನನಗೆ ಅನಿಸಿದ್ದು ಇಷ್ಟು: ಒಳಗಿರುವವರ ನಡುವಿನ ಅಂತರ ಕಡಿಮೆಯಾಗ್ತಿದೆ, ಒಳಗೆ ಬರುವ ಬಾಗಿಲು ಕಿರಿದಾಗ್ತಿದೆ.

ಆ ಬಾಗಿಲಲ್ಲಿ ನಾನೂ ನಿಂತಿದ್ದೇನೆ. ಕಳೆದ ತಿಂಗಳು ಪ್ಲಾನಿಂಗ್ ಮೀಟಿಂಗ್‌ನಲ್ಲಿ ಮ್ಯಾನೇಜರ್ "ಫ್ರೆಶರ್ ಬೇಕಾ?" ಅಂತ ಕೇಳಿದರು. "ಬೇಡ ಸಾರ್, ಟೂಲ್ ಇದೆಯಲ್ಲ" ಅಂದೆ. ಪ್ರಾಜೆಕ್ಟ್ ಲೆಕ್ಕದಲ್ಲಿ ಅದು ಪ್ರಾಮಾಣಿಕ ಉತ್ತರವೇ. ಯಾರ ಕೆಲಸವೂ ಹೋಗಲಿಲ್ಲ. ಆ ಫ್ರೆಶರ್‌ಗೆ ಮುಖವೂ ಇಲ್ಲ, ಹೆಸರೂ ಇಲ್ಲ. ತನಗೆ ಏನು ತಪ್ಪಿಹೋಯ್ತು ಅನ್ನೋದು ಅವನಿಗೆ, ಅಥವಾ ಅವಳಿಗೆ, ಎಂದೂ ಗೊತ್ತಾಗಲ್ಲ. ಹಾಗಿದ್ದರೆ ಇದು ಅನ್ಯಾಯವೇ?

ಕಂಪನಿ ಧರ್ಮಛತ್ರ ಅಲ್ಲ, ಒಪ್ಪುತ್ತೇನೆ. ಆದರೆ ಮೊದಲ ಆರು ತಿಂಗಳು ನಾನು ಟೀಮಿಗೆ ನಷ್ಟವೇ ಆಗಿದ್ದೆ. ನಾನು ಕೆಡಿಸಿದ್ದನ್ನು ಸೀನಿಯರ್‌ಗಳು ರಾತ್ರಿ ಕೂತು ಸರಿಮಾಡ್ತಿದ್ದರು. ಆ ಋಣವನ್ನು ಅವರಿಗೇ ತೀರಿಸೋಕಾಗಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಮುಂದೆ ಬರುವವರಿಗೇ ತೀರಿಸಬೇಕು. ಏರಿದ ಏಣಿಯನ್ನು ಒದೆಯೋಕೆ ದುಷ್ಟನೇ ಆಗಬೇಕಿಲ್ಲ, ಮೀಟಿಂಗ್‌ನಲ್ಲಿ "ಬೇಡ ಸಾರ್" ಅಂದರೆ ಸಾಕು.

ಮುಂದಿನ ಕ್ವಾರ್ಟರ್‌ಗೆ ಒಬ್ಬ ಫ್ರೆಶರ್ ಬೇಕು ಅಂತ ಮೊನ್ನೆ ಬರೆದಿದ್ದೇನೆ. ಕಲಿಸೋಕೆ ವಾರಕ್ಕೆ ನಾಲ್ಕು ಗಂಟೆ ನನ್ನದೇ ಸಮಯ ಕೊಡ್ತೀನಿ ಅಂತಲೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.