ದನಿ ತಗ್ಗಿಸಿದವರಿಗೆ ಜಾಗ

ಮದುವೆ ಮನೆಯಲ್ಲಿ ಓಲಗ ಜೋರಾದರೆ ಪಕ್ಕದವರೊಡನೆ ಮಾತಾಡಲು ನಾವೂ ದನಿ ಏರಿಸುತ್ತೇವೆ. ಅದನ್ನು ಮೀರಿಸಲು ಆಚೆ ಕುಳಿತವರು ಇನ್ನಷ್ಟು ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಕೂಗುತ್ತಿರುತ್ತಾರೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ರೇಡಿಯೊ ಅಲೆಗಳಿಗೂ ಇದೇ ಇಕ್ಕಟ್ಟು ಬಂದಿತ್ತು. ಅದರಿಂದ ಪಾರಾದ ಬಗೆಯನ್ನು ಎಲ್ಲರೂ ಅರಿಯಬೇಕು.

1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರಿನಲ್ಲಿ ಕುಳಿತೇ ಮಾತಾಡುವ ಟೆಲಿಫೋನ್ ಸೇವೆ ಶುರುವಾಯಿತು. ಉಪಕರಣದ ತೂಕವೇ ಸುಮಾರು 36 ಕಿಲೋ. ಊರಿಗೆಲ್ಲ ಮುಟ್ಟಲೆಂದು ಎತ್ತರದಲ್ಲಿ ಒಂದು ಬಲಶಾಲಿ ಟ್ರಾನ್ಸ್‌ಮಿಟರ್ ನಿಲ್ಲಿಸಿದ್ದರು. ಆ ಬಲವೇ ತೊಡಕಾಯಿತು. ಒಂದು ತರಂಗಾಂತರದಲ್ಲಿ ಒಬ್ಬರು ಮಾತಿಗಿಳಿದರೆ, ಅವರು ಮುಗಿಸುವ ತನಕ ಇಡೀ ಊರಿನಲ್ಲಿ ಮತ್ತೊಬ್ಬರು ಅದನ್ನು ಬಳಸುವಂತಿರಲಿಲ್ಲ. ಅಷ್ಟು ದೊಡ್ಡ ನಗರದಲ್ಲಿ ಒಂದೇ ಹೊತ್ತಿಗೆ ಮಾತಾಡಲು ಸಾಧ್ಯವಿದ್ದವರು ಬೆರಳೆಣಿಕೆಯ ಮಂದಿ.

ಮರುವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದ ಡಗ್ಲಸ್ ರಿಂಗ್ ಒಂದು ಟಿಪ್ಪಣಿ ಬರೆದರು. ಊರನ್ನು ಆರು ಮೂಲೆಯ ಸಣ್ಣ ಸಣ್ಣ ವಲಯಗಳಾಗಿ ಹಂಚೋಣ, ಒಂದೊಂದಕ್ಕೂ ಕಡಿಮೆ ಬಲದ ಪುಟ್ಟ ಟ್ರಾನ್ಸ್‌ಮಿಟರ್ ಇಡೋಣ ಎಂಬುದು ಅದರ ಸಾರ. ಅಲೆ ತನ್ನ ವಲಯ ದಾಟಿ ಬಹುದೂರ ಹೋಗದಿದ್ದರೆ, ನಡುವೆ ಒಂದೆರಡು ವಲಯ ಬಿಟ್ಟು ಅದೇ ತರಂಗಾಂತರವನ್ನು ಇನ್ನೊಬ್ಬರಿಗೆ ಕೊಡಬಹುದು. ಅದರಾಚೆ ಮತ್ತೊಬ್ಬರಿಗೆ. ಹೊಸ ತರಂಗಾಂತರ ಒಂದೂ ಬೇಕಾಗಲಿಲ್ಲ. ಇದ್ದುದನ್ನೇ ಮತ್ತೆ ಮತ್ತೆ ಬಳಸಲು ಬಂತು, ಅದೂ ದನಿ ತಗ್ಗಿಸಿದ್ದರಿಂದ. ನಮ್ಮ ಸೆಲ್‌ಫೋನ್ ನಿಂತಿರುವುದು ಈ ವಿಚಾರದ ಮೇಲೆ. ಬೆಂಗಳೂರಿನ ಮೆಜೆಸ್ಟಿಕ್‌ನಂಥ ದಟ್ಟಣೆಯ ಜಾಗದಲ್ಲಿ ಟವರುಗಳು ಒತ್ತೊತ್ತಾಗಿ, ಹಳ್ಳಿಗಾಡಿನಲ್ಲಿ ದೂರ ದೂರ ಇರುವುದೂ ಇದರಿಂದಲೇ. ಜನ ಹೆಚ್ಚಿದಷ್ಟೂ ವಲಯ ಚಿಕ್ಕದಾಗಬೇಕು, ದನಿ ಇನ್ನೂ ಮೆತ್ತಗಾಗಬೇಕು.

3ಜಿ ಬಂದಾಗ ಈ ಶಿಸ್ತು ಮತ್ತಷ್ಟು ಬಿಗಿಯಾಯಿತು. ಅಲ್ಲಿ ಹಲವು ಫೋನುಗಳು ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಮಾತಾಡುತ್ತವೆ. ಟವರಿನ ಬುಡದಲ್ಲಿರುವ ಫೋನು ಪೂರ್ತಿ ಬಲದಲ್ಲಿ ಅರಚಿದರೆ ದೂರದ ಫೋನಿನ ಕ್ಷೀಣ ಸಿಗ್ನಲ್ ಮುಳುಗಿಹೋಗುತ್ತದೆ. ಅದಕ್ಕೇ ಟವರು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ 1500 ಸಲ ‘ಏರಿಸು’ ಅಥವಾ ‘ತಗ್ಗಿಸು’ ಎಂದು ಹೇಳುತ್ತಲೇ ಇರುತ್ತದೆ. ಹತ್ತಿರದವರು ತಗ್ಗಿದಾಗ ಮಾತ್ರ ದೂರದವರ ಮಾತು ಕಿವಿಗೆ ಬೀಳುತ್ತದೆ.

ಕೂಗಿ ಗೆಲ್ಲಲಾಗದು ಎಂಬುದಕ್ಕೆ ಗಣಿತದ ಸಾಕ್ಷಿಯೂ ಇದೆ. ಒಂದು ದಾರಿಯಲ್ಲಿ ಎಷ್ಟು ಮಾಹಿತಿಯನ್ನು ತಪ್ಪಿಲ್ಲದೆ ಸಾಗಿಸಬಹುದು ಎಂಬುದರ ಮಿತಿಯನ್ನು 1948ರಲ್ಲಿ ಕ್ಲಾಡ್ ಶಾನನ್ ಸೂತ್ರವಾಗಿ ಕೊಟ್ಟರು. ಅದರಂತೆ ಸಿಗ್ನಲ್ಲಿನ ಬಲವನ್ನು ಇಮ್ಮಡಿ ಮಾಡಿದರೂ ಒಂದು ಹರ್ಟ್ಜ್ ಅಗಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಒಂದು ಬಿಟ್ ಹೆಚ್ಚು ಸಿಗುತ್ತದೆ. ಮತ್ತೊಂದು ಬಿಟ್ ಬೇಕೆಂದರೆ ಬಲ ಪುನಃ ಇಮ್ಮಡಿಯಾಗಬೇಕು. ಖರ್ಚು ಬೆಟ್ಟದಷ್ಟು, ಗಳಿಕೆ ಸಾಸಿವೆಯಷ್ಟು.

ತಗ್ಗಿಸುವುದರ ಜೊತೆಗೆ ಕೇಳಿಸಿಕೊಳ್ಳುವುದೂ ಬೇಕು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಸಂಪರ್ಕ ಕಲ್ಪಿಸಿದರು. ಬೇಕೆನಿಸಿದಾಗ ಕಳಿಸುವುದು, ಡಿಕ್ಕಿಯಾದರೆ ತುಸು ತಡೆದು ಮತ್ತೆ ಕಳಿಸುವುದು, ಇಷ್ಟೇ ಅದರ ನಿಯಮ. ಹೀಗೆ ಮನಬಂದಾಗ ಮಾತಾಡಿದರೆ ದಾರಿಯ ಸುಮಾರು ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ತೋರಿಸಿತು. ಇಂದಿನ ವೈ-ಫೈ ಇನ್ನೂ ಸೌಜನ್ಯದ್ದು. ಮೊದಲು ಆಲಿಸುತ್ತದೆ, ಬೇರೊಬ್ಬರು ಮಾತಾಡುತ್ತಿದ್ದರೆ ಕಾಯುತ್ತದೆ, ದಾರಿ ಬಿಡುವಾದ ಮೇಲೆ ತನ್ನದನ್ನು ಹೇಳುತ್ತದೆ.

ಈ ಅಲೆಗಳು ಯಾರ ಸ್ವತ್ತು? ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಉತ್ತರ ಕೊಟ್ಟಿತು: ಅವು ಸಾರ್ವಜನಿಕ ಆಸ್ತಿ. ಅದೇ ವರ್ಷದ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ತರಂಗಾಂತರ ಹರಾಜಿನಲ್ಲಿ ಕಂಪನಿಗಳಿಗೆ ಸಿಗುವುದು ಬಳಸುವ ಹಕ್ಕು, ಒಡೆತನ ಜನರದೇ. ಒಡೆಯರಿಗೆ ಹೊಣೆಯೂ ಇರುತ್ತದೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಯವರೂ ರೂಟರಿನ ಬಲವನ್ನು ತುದಿಗೇರಿಸಿ ಇಟ್ಟರೆ ಯಾರಿಗೂ ವೇಗ ಸಿಗುವುದಿಲ್ಲ. ಒಂದೇ ಕಡೆ ಕೂತಿರುವ ಟಿ.ವಿ.ಗೆ ಕೇಬಲ್ ಎಳೆದರೆ, ಮನೆಗೆ ಸಾಕಾಗುವಷ್ಟೇ ಬಲ ಇಟ್ಟುಕೊಂಡರೆ, ನೆರೆಮನೆಯ ಮಗುವಿನ ಆನ್‌ಲೈನ್ ಪಾಠಕ್ಕೆ ದಾರಿ ಬಿಟ್ಟಂತೆ.

ಗಟ್ಟಿ ಗಂಟಲಿದ್ದವರಿಗೇ ಜಾಗ ಎಂಬ ನಂಬಿಕೆ ನಮ್ಮ ಗ್ರಾಮಸಭೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಮನೆಯೊಳಗೂ ಬೇರೂರಿದೆ. ಕೋಟ್ಯಂತರ ಜನ ಒಂದೇ ಬಯಲಿನಲ್ಲಿ ಏಕಕಾಲಕ್ಕೆ ಮಾತಾಡುವ ವ್ಯವಸ್ಥೆಯನ್ನು ಮನುಷ್ಯ ಕಟ್ಟಿದ್ದಾನೆ, ಕಟ್ಟಿದ್ದು ಆ ನಂಬಿಕೆಗೆ ತದ್ವಿರುದ್ಧವಾದ ನಿಯಮದ ಮೇಲೆ. ಅಗತ್ಯವಿದ್ದಷ್ಟೇ ದನಿ, ಮಾತಿಗೆ ಮೊದಲು ಆಲಿಕೆ, ದೂರದವರ ಕ್ಷೀಣ ಸ್ವರಕ್ಕೆ ಎಡೆ. ಯಂತ್ರಗಳಿಗೆ ಕಲಿಸಿದ ಈ ನಡತೆಯನ್ನು ಇವತ್ತು ನಮ್ಮ ಮುಂದಿನ ಮಾತಿನಿಂದಲೇ ನಾವೂ ರೂಢಿಸಿಕೊಳ್ಳೋಣ.