ಹಿಂದೆಗೆಯುವ ಹಕ್ಕು

ಗದಗು ಮುದ್ರಣಕ್ಕೆ ಹೆಸರಾದ ಊರು. ಮೊಳೆಯಚ್ಚಿನ ಕಾಲದಲ್ಲಿ ಪುಟವನ್ನು ಜೋಡಿಸಿದವನು ಅದರ ಸುತ್ತ ದಾರ ಬಿಗಿದು ಕಟ್ಟುತ್ತಿದ್ದ. ಬಿಡಿಯಾಗಿದ್ದ ನೂರಾರು ಮೊಳೆಗಳು ಆಗ ಒಂದೇ ವಸ್ತುವಾಗಿ ಯಂತ್ರದತ್ತ ಸಾಗುತ್ತಿದ್ದವು. ದಾರ ಸಡಿಲಿ ಕೈಜಾರಿತೋ, ಎಲ್ಲವೂ ಚೆಲ್ಲಾಪಿಲ್ಲಿ! ಒಂದೊಂದೇ ಮೊಳೆಯನ್ನು ಹೆಕ್ಕಿ, ಗುರುತಿಸಿ, ಮೊದಲಿನಿಂದ ತೊಡಗಬೇಕು.

ಈಗ ಆ ಕೆಲಸ ಗಣಕಯಂತ್ರದ ಪರದೆಗೆ ಬಂದಿದೆ. ಲಗ್ನಪತ್ರಿಕೆ ಹೊಂದಿಸುವ ಹುಡುಗ ಕೋರೆಲ್ ಡ್ರಾದಲ್ಲಿ ದೇವರ ಚಿತ್ರ, ವಧೂವರರ ಹೆಸರು, ಅಂಚಿನ ಬಳ್ಳಿ ಇವನ್ನೆಲ್ಲ ಸೇರಿಸಿ ‘ಗ್ರೂಪ್’ ಮಾಡುತ್ತಾನೆ. ಒಂದನ್ನೆಳೆದರೆ ಎಲ್ಲವೂ ಬರುತ್ತವೆ. ಎಳೆದದ್ದು ತಪ್ಪಾದರೆ ಕಂಟ್ರೋಲ್, ಝಡ್ ಎಂಬೆರಡು ಕೀಲಿಗಳನ್ನು ಒತ್ತಿದರಾಯಿತು. ಗುಂಪಿಗೆ ಗುಂಪೇ ಇದ್ದಲ್ಲಿಗೆ ಮರಳುತ್ತದೆ.

ಇದು ಮನುಷ್ಯನಿಗೆ ಒಳಿತೋ, ಕೆಡುಕೋ? ಇದೇ ಊರಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತವನ್ನು ಬರೆದನೆಂದು ಪ್ರತೀತಿಯುಳ್ಳ ಕುಮಾರವ್ಯಾಸ, ಒಮ್ಮೆ ಬರೆದ ಮಾತನ್ನು ಅಳಿಸದಿರುವುದನ್ನು ತನ್ನ ಹೆಮ್ಮೆಗಳಲ್ಲೊಂದಾಗಿ ಎಣಿಸಿಕೊಂಡ. ಓಲೆಗರಿಯ ಮೇಲೆ ಕಂಠ ಕೊರೆದ ಗೆರೆ ಮಾಸುವಂಥದಲ್ಲ. ಯೋಚನೆಯೆಲ್ಲ ಕೈಯಾಡುವ ಮುನ್ನವೇ ಮುಗಿದಿರಬೇಕು. ಆದರೆ ಎಲ್ಲರೂ ಕುಮಾರವ್ಯಾಸರಲ್ಲ. ತಪ್ಪಿದರೆ ಗತಿಯಿಲ್ಲವೆಂಬ ಅಂಜಿಕೆಯಲ್ಲಿ ಎಷ್ಟೋ ಎಳೆಯ ಕೈಗಳು ಕಟ್ಟಿಹೋಗುತ್ತವೆ. ತಿದ್ದಲು ಎಡೆಯಿದ್ದರೆ ಕಲಿಯುವ ಧೈರ್ಯ ಬರುತ್ತದೆ. ಆದ್ದರಿಂದ ಈ ಸೌಲಭ್ಯವನ್ನು ನಾನು ಹಳಿಯಲಾರೆ.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಈ ಕೀಲಿ ಬಂದ ದಾರಿಯಲ್ಲೇ, ಕೊನೆಯ ಹೆಜ್ಜೆಯಿಂದ ಮೊದಲುಮಾಡಿ ಹಿಂದಕ್ಕೆ ನಡೆಸುತ್ತದೆ. ಹತ್ತು ಹೆಜ್ಜೆ ಹಿಂದಿನ ತಪ್ಪು ಅಳಿಯಬೇಕಾದರೆ ಆಮೇಲಿನ ಒಂಬತ್ತು ಒಳ್ಳೆಯ ಕೆಲಸಗಳೂ ಅಳಿಯಬೇಕು. ಇನ್ನೊಂದು ಮಾತು: ಗ್ರೂಪು ತನ್ನೊಳಗೆ ಸೇರಿದ್ದನ್ನು ಮಾತ್ರ ಒಯ್ಯುತ್ತದೆ. ಸೇರಿಸಲು ಮರೆತ ಅಜ್ಜನ ಹೆಸರು ಪುಟದ ಮೂಲೆಯಲ್ಲಿ ಇದ್ದಲ್ಲೇ ಉಳಿಯುತ್ತದೆ. ಪತ್ರಿಕೆ ಅಚ್ಚಾಗಿ ಲಕ್ಷ್ಮೇಶ್ವರ, ಶಿರಹಟ್ಟಿಗಳ ಬೀಗರ ಮನೆಗಳಿಗೆ ಹಂಚಿಹೋದ ಮೇಲೆ ಯಾವ ಕೀಲಿಯೂ ಅದನ್ನು ಹಿಂದಕ್ಕೆ ತಾರದು.

ಪತ್ರಿಕೆಯ ಹೆಸರಿಗೇ ಈ ಮಾತಾದರೆ, ಜೀವಂತ ಮನುಷ್ಯರನ್ನು ಗುಂಪಾಗಿ ಸಾಗಿಸುವಾಗ ಏನೆನ್ನೋಣ? ಸಿಂಗಟಾಲೂರು ಏತ ನೀರಾವರಿಗೆಂದು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಬ್ಯಾರೇಜು ಬಂದಿತು. ನದಿದಂಡೆಯ ಕೆಲವು ಊರುಗಳ ಜನ ನೆಲೆ ಬದಲಿಸಬೇಕಾಯಿತು. ನೀರು ಬೇಡವೆನ್ನುವಷ್ಟು ಅವಿವೇಕ ನನಗಿಲ್ಲ. ಬರ ಕಂಡ ಸೀಮೆಗೆ ನೀರಿನ ಬೆಲೆ ಗೊತ್ತು. ಆದರೆ ಊರೆಂದರೆ ಮನೆಗಳ ಎಣಿಕೆಯಷ್ಟೇ ಅಲ್ಲ. ನೆರೆಮನೆಯ ಗೋಡೆ, ಹೊಲದ ದಾರಿ, ಗುಡಿಯ ಕಟ್ಟೆ, ಹಿರಿಯರ ಸಮಾಧಿ ಇವೆಲ್ಲ ಆ ದಾರದೊಳಗೆ ಸೇರಿದವೇ? ಹೊರಗೇ ಉಳಿದದ್ದರ ಮೇಲೆ ನೀರು ನಿಂತಮೇಲೆ ಪರಿಹಾರದ ಹಣ ಬರಬಹುದು, ಹೊಸ ಮನೆ ಏಳಬಹುದು. ಅದು ಉಪಕಾರವೇ ಹೊರತು ಹಿಂದೆಗೆದಂತಲ್ಲ.

ಪರದೆಯ ಮೇಲೆ ತಪ್ಪುವ ಸ್ವಾತಂತ್ರ್ಯ ನಮಗಿರಲಿ. ಅಲ್ಲಿ ತಪ್ಪಿ, ಅಲ್ಲಿಯೇ ತಿದ್ದಿಕೊಳ್ಳೋಣ. ಆದರೆ ಪರದೆಯಿಂದ ಕಾಗದಕ್ಕೆ, ಕಾಗದದಿಂದ ನೆಲಕ್ಕೆ ಇಳಿಯುವ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ದಾರದ ಹೊರಗೆ ಯಾರು ಉಳಿದರೆಂದು ನೋಡಬೇಕು. ಆ ಹೊಸ್ತಿಲು ದಾಟಿದ ಮೇಲೆ ನಾವೆಲ್ಲರೂ ಓಲೆಗರಿಯ ಮೇಲೆ ಬರೆಯುವವರೇ.